ಆನಿ ಡಿಫ್ರಾಂಕೊ

ಆನಿ ಡಿಫ್ರಾಂಕೊ (ಪೂರ್ಣ ಹೆಸರು: ಏಂಜೆಲಾ ಮರಿಯಾ ಡಿಫ್ರಾಂಕೊ, ಜನನ: ಸೆಪ್ಟೆಂಬರ್ 23, 1970) ಅಮೆರಿಕದ ಗಾಯಕಿ, ಗೀತರಚನಕಾರ್ತಿ ಹಾಗೂ ಗಿಟಾರ್ ವಾದಕಿ. ದೊಡ್ಡ ಧ್ವನಿಮುದ್ರಣ ಕಂಪನಿಗಳ ಒಪ್ಪಂದಗಳನ್ನು ನಿರಾಕರಿಸಿ, ತಾವೇ ಸ್ಥಾಪಿಸಿದ 'ರೈಟಿಯಸ್ ಬೇಬ್ ರೆಕಾರ್ಡ್ಸ್' ಸಂಸ್ಥೆಯ ಮೂಲಕ ತಮ್ಮ ಆಲ್ಬಮ್‌ಗಳನ್ನು ಹೊರತಂದವರೆಂದು ಅವರು ಪ್ರಸಿದ್ಧರು.

ಆರಂಭಿಕ ಜೀವನ

ಡಿಫ್ರಾಂಕೊ ಜನಿಸಿದ್ದು ನ್ಯೂಯಾರ್ಕ್ ರಾಜ್ಯದ ಬಫಲೊ ನಗರದಲ್ಲಿ. ಒಂಬತ್ತನೆಯ ವಯಸ್ಸಿನಲ್ಲಿ ಗಿಟಾರ್ ಹಿಡಿದು, ಸ್ಥಳೀಯ ಜನಪದ ಗಾಯಕ ಮೈಕೆಲ್ ಮೆಲ್ಡ್ರಮ್ ಅವರೊಡನೆ ಊರಿನ ಪಾನಗೃಹಗಳಲ್ಲಿ ನುಡಿಸತೊಡಗಿದರು. ಹದಿನೈದನೆಯ ವಯಸ್ಸಿನಿಂದ ಸ್ವತಂತ್ರವಾಗಿ ಬದುಕಿದರು.

ವೃತ್ತಿಜೀವನ

ಅವರ ಹೆಸರನ್ನೇ ಹೊತ್ತ ಮೊದಲ ಆಲ್ಬಮ್ 1990ರಲ್ಲಿ ಬಂದಿತು. ಕಛೇರಿ ನಡೆದಲ್ಲಿಯೇ ಕ್ಯಾಸೆಟ್ ಮಾರುವುದು ಆಗಿನ ಕ್ರಮವಾಗಿತ್ತು. ಕಾಲೇಜು ಆವರಣಗಳಲ್ಲಿಯೂ ಸಣ್ಣ ಸಭಾಂಗಣಗಳಲ್ಲಿಯೂ ನಿರಂತರವಾಗಿ ಹಾಡಿ ಅವರು ಶ್ರೋತೃವರ್ಗವನ್ನು ಕಟ್ಟಿಕೊಂಡರು. ಬೆರಳುಗಳಿಗೆ ಕೃತಕ ಉಗುರುಗಳನ್ನು ಟೇಪಿನಿಂದ ಅಂಟಿಸಿಕೊಂಡು ತಂತಿಗಳನ್ನು ತಾಳವಾದ್ಯದಂತೆ ಬಡಿಯುವ ಶೈಲಿ, ಭಿನ್ನ ಶ್ರುತಿವ್ಯವಸ್ಥೆಗಳ ಬಳಕೆ ಅವರ ವಾದನದ ಗುರುತುಗಳು.

ಸಾಮಾನ್ಯ ಒಪ್ಪಂದದಲ್ಲಿ ಧ್ವನಿಮುದ್ರಣದ ವೆಚ್ಚವನ್ನು ಕಂಪನಿ ಮುಂಗಡವಾಗಿ ಭರಿಸಿ, ಕಲಾವಿದರ ಗೌರವಧನದಿಂದ ಮುರಿದುಕೊಳ್ಳುತ್ತದೆ. ವೆಚ್ಚ ತೀರಿದ ಮೇಲೂ ಮೂಲ ಮುದ್ರಿಕೆ ಬಹುಮಟ್ಟಿಗೆ ಕಂಪನಿಯ ಸ್ವತ್ತಾಗಿಯೇ ಉಳಿಯುತ್ತದೆ. ಡಿಫ್ರಾಂಕೊ ಒಪ್ಪದೆ ಹೋದದ್ದು ಈ ಏರ್ಪಾಟನ್ನು. ಅದಕ್ಕೆ ತೆತ್ತ ಬೆಲೆಯೂ ಇದೆ: ಪ್ರಚಾರ, ವಿತರಣೆ, ಪ್ರವಾಸಗಳ ಹೊಣೆಯೆಲ್ಲ ಅವರ ಸಣ್ಣ ಸಂಸ್ಥೆಯದಾಯಿತು. ಆದರೂ 1997ರ ನೇರ ಧ್ವನಿಮುದ್ರಣ 'ಲಿವಿಂಗ್ ಇನ್ ಕ್ಲಿಪ್' ಅಮೆರಿಕದಲ್ಲಿ ಚಿನ್ನದ ಪ್ರಮಾಣಪತ್ರ ಪಡೆಯಿತು. 1998ರ 'ಲಿಟಲ್ ಪ್ಲಾಸ್ಟಿಕ್ ಕ್ಯಾಸಲ್' ಬಿಲ್‌ಬೋರ್ಡ್ 200 ಪಟ್ಟಿಯ 22ನೆಯ ಸ್ಥಾನಕ್ಕೇರಿತು.

ಈ ಯಶಸ್ಸು ವಿಚಿತ್ರವಾದ ತೊಡಕನ್ನೂ ತಂದಿತು. 1997ರಲ್ಲಿ 'ಮಿಸ್' ಎಂಬ ಸ್ತ್ರೀವಾದಿ ಪತ್ರಿಕೆ ಅವರನ್ನು ಶ್ಲಾಘಿಸುವಾಗ, ಮಾರಾಟವಾದ ಪ್ರತಿಯೊಂದಕ್ಕೆ ಅವರಿಗೆ ದಕ್ಕುವ ಆದಾಯವನ್ನು ಎತ್ತಿ ಹೇಳಿತು. ತಮ್ಮನ್ನು ಹಾಡಿಗಿಂತ ಹಣದ ಲೆಕ್ಕದಿಂದ ಅಳೆದುದನ್ನು ಆಕ್ಷೇಪಿಸಿ ಅವರು ಪತ್ರಿಕೆಗೆ ಬಹಿರಂಗ ಪತ್ರ ಬರೆದರು. ಅವರ ಕುರಿತ ಬರಹಗಳಲ್ಲಿ ಇಂದಿಗೂ ವ್ಯವಹಾರದ ಕಥೆಯೇ ಮುಂದಾಗುವುದನ್ನು ಗಮನಿಸಿದರೆ ಆಕ್ಷೇಪ ಅಕಾರಣವಾಗಿರಲಿಲ್ಲ.

2003ರ 'ಇವಾಲ್ವ್' ಆಲ್ಬಮ್‌ನ ಹೊದಿಕೆ ವಿನ್ಯಾಸಕ್ಕೆ ಗ್ರ್ಯಾಮಿ ಪ್ರಶಸ್ತಿ ಲಭಿಸಿತು. ಸ್ನಾಯುರಜ್ಜು ಉರಿಯೂತದಿಂದಾಗಿ 2005ರಲ್ಲಿ ಪ್ರವಾಸಕ್ಕೆ ಕೆಲಕಾಲ ವಿರಾಮ ನೀಡಬೇಕಾಯಿತು.

ಸಂಸ್ಥೆ ಮತ್ತು ಇತರ ಕಾರ್ಯಗಳು

ಬಫಲೊದಲ್ಲಿ ಕೆಡವುವ ಹಂತಕ್ಕೆ ಬಂದಿದ್ದ ಹತ್ತೊಂಬತ್ತನೆಯ ಶತಮಾನದ ಮೆಥೊಡಿಸ್ಟ್ ಚರ್ಚೊಂದನ್ನು ಸಂಸ್ಥೆಯು ಜೀರ್ಣೋದ್ಧಾರ ಮಾಡಿ ಕಛೇರಿ ಸಭಾಂಗಣವನ್ನಾಗಿಸಿತು. ಇದು 'ಬೇಬ್‌ವಿಲ್' ಎಂದು ಪರಿಚಿತವಾಗಿದೆ.

2013ರಲ್ಲಿ ಡಿಫ್ರಾಂಕೊ ಲೂಯಿಸಿಯಾನಾದ ಹಿಂದಿನ ಗುಲಾಮಗಿರಿಯ ತೋಟವೊಂದರಲ್ಲಿ ಗೀತರಚನಾ ಶಿಬಿರ ನಡೆಸಲು ಹೊರಟಾಗ ತೀವ್ರ ಟೀಕೆ ವ್ಯಕ್ತವಾಯಿತು, ಶಿಬಿರ ರದ್ದಾಯಿತು. ಅವರ ಆತ್ಮಕಥನ 'ನೋ ವಾಲ್ಸ್ ಆ್ಯಂಡ್ ದ ರಿಕರಿಂಗ್ ಡ್ರೀಮ್' 2019ರಲ್ಲಿ ಪ್ರಕಟವಾಯಿತು.

ಇತರ ಕಲಾವಿದರ ಕೃತಿಗಳನ್ನೂ ಸಂಸ್ಥೆ ಪ್ರಕಟಿಸಿದೆ. ಅನಾಯಿಸ್ ಮಿಚೆಲ್ ಅವರ 'ಹೇಡ್ಸ್‌ಟೌನ್' (2010) ಇವುಗಳಲ್ಲಿ ಒಂದು. ಅದರಲ್ಲಿ ಪರ್ಸೆಫನಿಯ ಪಾತ್ರಕ್ಕೆ ಹಾಡಿದವರು ಡಿಫ್ರಾಂಕೊ. ಆ ಕೃತಿ ಮುಂದೆ ಬ್ರಾಡ್‌ವೇ ಸಂಗೀತನಾಟಕವಾಗಿ ಬೆಳೆಯಿತು. 2024ರಲ್ಲಿ ಅವರು ಅದೇ ಪಾತ್ರದಲ್ಲಿ ಬ್ರಾಡ್‌ವೇ ರಂಗವೇರಿದರು.