ಸ್ವಂತ ದುಡ್ಡಿನ ಶಿರಸ್ತ್ರಾಣ: ಜರ್ಮನ್ ಸೇನಾಧಿಕಾರಿಗಳ ಪಿಕೆಲ್‌ಹೌಬೆ ಮತ್ತು ಸಂಗ್ರಹದ ಸಾಕ್ಷ್ಯ

ಪ್ರಷ್ಯಾದ ದೊರೆ ನಾಲ್ಕನೆಯ ಫ್ರೆಡರಿಕ್ ವಿಲ್ಹೆಲ್ಮ್ 1842ರಲ್ಲಿ ತನ್ನ ಸೇನೆಗೆ ಗೊತ್ತುಪಡಿಸಿದ ಮೊನೆಯುಳ್ಳ ಚರ್ಮದ ಶಿರಸ್ತ್ರಾಣವೇ ಪಿಕೆಲ್‌ಹೌಬೆ. ಸಾಮಾನ್ಯ ಸೈನಿಕನಿಗೆ ಇದನ್ನು ಸೇನೆಯೇ ಕೊಡುತ್ತಿತ್ತು. ಅಧಿಕಾರಿ ಮಾತ್ರ ಸ್ವಂತ ದುಡ್ಡಿನಲ್ಲಿ ಕೊಳ್ಳಬೇಕಿತ್ತು. ಅಧಿಕಾರಿಗಳ ಶಿರಸ್ತ್ರಾಣಗಳನ್ನು ಗುರುತಿಸುವ ತೊಡಕೂ ಅವುಗಳ ಚಾರಿತ್ರಿಕ ಬೆಲೆಯೂ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ ಎಂಬುದು ಈ ಲೇಖನದ ವಾದ.

1. ಮುದ್ರೆಯಿಲ್ಲದ ವಸ್ತು

ಸೇನೆ ಹಂಚಿದ ಶಿರಸ್ತ್ರಾಣದ ಮೇಲೆ ಸಾಮಾನ್ಯವಾಗಿ ರೆಜಿಮೆಂಟಿನ ಅಥವಾ ಉಗ್ರಾಣದ ಮುದ್ರೆ, ಇಸವಿ, ತಯಾರಕನ ಹೆಸರು ಕಾಣುತ್ತವೆ. ಅಧಿಕಾರಿಯದರಲ್ಲಿ ಇಂಥ ಸರ್ಕಾರಿ ಗುರುತು ಇರುವುದಿಲ್ಲ. ಒಳಗೆ ಅಂಗಡಿಯ ಚೀಟಿಯೋ ಒಡೆಯನ ಹೆಸರೋ ಉಳಿದಿದ್ದರೆ ಅದು ಅದೃಷ್ಟ. ಹೀಗಾಗಿ ವಸ್ತುವಿನ ರಚನೆಯೇ ಮುಖ್ಯ ಆಧಾರವಾಗುತ್ತದೆ: ಚಿನ್ನದ ಮುಲಾಮಿನ ಲೋಹಭಾಗಗಳು, ಮೊನೆಯ ಬುಡವನ್ನು ಬಿಗಿಯುವ ನಕ್ಷತ್ರಾಕಾರದ ತಿರುಪುಗಳು, ರೇಷ್ಮೆ ಅಥವಾ ನಯವಾದ ಬಟ್ಟೆಯ ಅಸ್ತರು, ಮುಂದಿನ ಚಾಚಿನ ಅಡಿಯಲ್ಲಿ ಹಸಿರು, ಹಿಂದಿನದರಡಿ ಕೆಂಪು ಬಣ್ಣ. ಪ್ರಷ್ಯಾದ ಹದ್ದಿನ ಫಲಕದಲ್ಲಿ ಕಿರೀಟದ ಕಮಾನುಗಳ ನಡುವಿನ ಭಾಗವನ್ನು ಕೊರೆದು ತೆರವು ಮಾಡಿರುತ್ತಾರೆ. ಸೈನಿಕನ ಫಲಕವನ್ನು ಹಿಂಬದಿಯ ಬಳೆಗಳಲ್ಲಿ ಚರ್ಮದ ತುಣುಕು ತೂರಿಸಿ ನಿಲ್ಲಿಸಿದರೆ, ಅಧಿಕಾರಿಯ ಫಲಕಕ್ಕೆ ತಿರುಪಿನ ಕಡ್ಡಿ ಮತ್ತು ನಟ್ಟು.

2. ನಡುವಿನವರು

ಈ ಲಕ್ಷಣಗಳನ್ನು ಒಂದೊಂದಾಗಿ ನಂಬಿದರೆ ಎಡವುತ್ತೇವೆ. ಒಂದು ವರ್ಷದ ಸೇವೆಗೆ ಸ್ವಂತ ಖರ್ಚಿನಲ್ಲಿ ಸೇರುತ್ತಿದ್ದ ಸುಶಿಕ್ಷಿತ ತರುಣರೂ ಕೆಲವು ಕಿರಿಯ ದರ್ಜೆಯವರೂ ಅಂಗಡಿಯಿಂದ ಉತ್ತಮ ಶಿರಸ್ತ್ರಾಣಗಳನ್ನು ಕೊಳ್ಳುತ್ತಿದ್ದರು. ಅವುಗಳ ಚರ್ಮ ನಯವಾಗಿದ್ದು ಅಸ್ತರು ಒಳ್ಳೆಯದಾಗಿದ್ದರೂ ಫಲಕ ಮತ್ತು ಮೊನೆಯ ಬುಡದ ಗುಬಟುಗಳು ಸೈನಿಕ ದರ್ಜೆಯವೇ. ಇಂಥದಕ್ಕೆ ಅಧಿಕಾರಿಯ ಹದ್ದನ್ನು ಕೂಡಿಸಿ ಹೆಚ್ಚು ಬೆಲೆಗೆ ಮಾರುವುದು ಸುಲಭ. ಶಿರಸ್ತ್ರಾಣದ ಚರ್ಮದ ಚಿಪ್ಪಿನ ಒಳಗೆ ಕಾಣುವ ಹೆಚ್ಚುವರಿ ತೂತುಗಳು, ಫಲಕದ ನೆರಳಿನಂತೆ ಚರ್ಮದ ಮೇಲೆ ಉಳಿದ ಬೇರೆ ಆಕಾರದ ಗುರುತು ಈ ಕೂಡಿಕೆಯನ್ನು ಬಯಲು ಮಾಡುತ್ತವೆ.

ಮೀಸಲು ಪಡೆಯ ಅಧಿಕಾರಿಯ ಹದ್ದಿನ ಮೇಲೆ ಚಿಕ್ಕ ಶಿಲುಬೆ ಇರುತ್ತಿತ್ತು. ಕೈಸರನ, ಅಂದರೆ ಜರ್ಮನ್ ಚಕ್ರವರ್ತಿಯ, ಕಾಲದ ಮಧ್ಯಮವರ್ಗದಲ್ಲಿ ವಕೀಲ, ಅಧ್ಯಾಪಕ, ವ್ಯಾಪಾರಿಗೆ ಮೀಸಲು ಅಧಿಕಾರಿ ಎಂಬ ಪದವಿ ಸಾಮಾಜಿಕ ಗೌರವದ ಮೆಟ್ಟಿಲಾಗಿತ್ತು. ಹೀಗಾಗಿ ಆ ಶಿಲುಬೆ ಯುದ್ಧಚರಿತ್ರೆಯಷ್ಟೇ ವರ್ಗಚರಿತ್ರೆಯ ದಾಖಲೆಯೂ ಹೌದು.

3. ಉಳಿದದ್ದು ಹೇಗೆ

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ನೌಕಾ ದಿಗ್ಬಂಧನದಿಂದ ಚರ್ಮದ ಕೊರತೆಯಾಗಿ ಸೈನಿಕರಿಗೆ ಒತ್ತಿದ ಉಣ್ಣೆ (ಫೆಲ್ಟ್), ತಗಡುಗಳಿಂದಲೂ ಶಿರಸ್ತ್ರಾಣ ತಯಾರಾದವು. 1915ರ ಮಾದರಿಯಲ್ಲಿ ಲೋಹಭಾಗಗಳು ಬೂದು ಬಣ್ಣಕ್ಕೆ ತಿರುಗಿದವು, ಮೊನೆ ಕಳಚಿಡುವಂತಾಯಿತು. 1916ರಲ್ಲಿ ಉಕ್ಕಿನ ಶಿರಸ್ತ್ರಾಣ ರಣರಂಗಕ್ಕೆ ಬಂತು. 1919ರಲ್ಲಿ ಅಮೆರಿಕ ತನ್ನ ವಿಕ್ಟರಿ ಸಾಲಪತ್ರಗಳ ಪ್ರಚಾರಕ್ಕಾಗಿ ವಶಪಡಿಸಿಕೊಂಡ ಸಾವಿರಾರು ಪಿಕೆಲ್‌ಹೌಬೆಗಳನ್ನು ಬಳಸಿತು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಬಳಿ ಅವುಗಳ ಪಿರಮಿಡ್ಡನ್ನೇ ನಿಲ್ಲಿಸಲಾಗಿತ್ತು. ಆ ರಾಶಿಯ ಬಹುಪಾಲು ಉಗ್ರಾಣದ ಸೈನಿಕ ಸರಕು. ಅಧಿಕಾರಿಗಳದು ಮಾತ್ರ ಒಂದೊಂದಾಗಿ, ಮನೆಗಳಿಂದಲೋ ವೈಯಕ್ತಿಕ ಲೂಟಿಯಿಂದಲೋ ಸಂಗ್ರಹಗಳಿಗೆ ಸೇರಿದವು. ಆದ್ದರಿಂದ ಒಂದು ಶಿರಸ್ತ್ರಾಣ ಯಾರ ಕೈಯಿಂದ ಯಾರ ಕೈಗೆ ಬಂತೆಂಬ ವಿವರಕ್ಕೆ ಇಲ್ಲಿ ವಿಶೇಷ ತೂಕವಿದೆ.

4. ದುರಸ್ತಿ ಮತ್ತು ದಾಖಲೆ

ಸಂಗ್ರಾಹಕರಲ್ಲಿ ಹಳೆಯ ಅಸ್ತರು ಬದಲಿಸುವ, ಮುಲಾಮು ಹೊಸದಾಗಿ ಹಾಕಿಸುವ, ಕಾಣೆಯಾದ ಕೊಕೇಡ್ ಎಂಬ ಬಣ್ಣದ ಬಿಲ್ಲೆಗಳನ್ನು ತಂದು ಜೋಡಿಸುವ ರೂಢಿಯಿದೆ. ನೋಟಕ್ಕೆ ಇದು ಚೆನ್ನ, ಸಂಶೋಧನೆಗೆ ನಷ್ಟ. ಕೊಕೇಡನ್ನೇ ತೆಗೆದುಕೊಂಡರೆ, ಜರ್ಮನ್ ಸಾಮ್ರಾಜ್ಯದ ಕಪ್ಪು-ಬಿಳಿ-ಕೆಂಪು ಬಿಲ್ಲೆ ಬಲಬದಿಗೆ ಸೇರಿದ್ದು 1897ರಲ್ಲಿ. ಅದಕ್ಕೂ ಮೊದಲಿನ ಶಿರಸ್ತ್ರಾಣದಲ್ಲಿ ಅದು ಕಂಡರೆ ಎರಡು ಸಾಧ್ಯತೆಗಳು: ಒಡೆಯ 1897ರ ನಂತರವೂ ಸೇವೆಯಲ್ಲಿದ್ದು ಹೊಸ ನಿಯಮಕ್ಕೆ ಹೊಂದಿಸಿಕೊಂಡಿರಬಹುದು, ಇಲ್ಲವೇ ಇತ್ತೀಚಿನ ವ್ಯಾಪಾರಿ ಸೇರಿಸಿರಬಹುದು. ತುಕ್ಕು, ಸವೆತ, ಕೊಳೆಗಳನ್ನು ಉಳಿಸಿಕೊಂಡಿದ್ದರಷ್ಟೇ ಇವೆರಡನ್ನು ಬೇರ್ಪಡಿಸಲು ಸಾಧ್ಯ.

ಅಸಲಿ ಅಥವಾ ನಕಲಿ ಎಂಬ ಇಬ್ಬಗೆಯ ತೀರ್ಪು ಇಂಥ ವಸ್ತುವಿಗೆ ಸಾಲದು. ಚಿಪ್ಪು, ಫಲಕ, ಅಸ್ತರು, ಗದ್ದಸರ, ತಿರುಪುಗಳನ್ನು ಬೇರೆ ಬೇರೆಯಾಗಿ ಕಾಲನಿರ್ಣಯ ಮಾಡಿ, ಅವು ಒಂದಕ್ಕೊಂದು ಹೊಂದುವ ಮಟ್ಟವನ್ನು ದಾಖಲಿಸುವುದೇ ಸರಿಯಾದ ವಿಧಾನ. ಸಂಗ್ರಹದ ಸೂಚಿಯಲ್ಲಿ 'ಅಧಿಕಾರಿಯ ಶಿರಸ್ತ್ರಾಣ' ಎಂದು ಬರೆಯುವುದು ಈ ಪರೀಕ್ಷೆಯ ಕೊನೆಯಲ್ಲಿ ಬರುವ ನಿರ್ಣಯವಾಗಬೇಕೇ ಹೊರತು, ಹೊಳೆಯುವ ಮುಲಾಮನ್ನು ಕಂಡೊಡನೆ ಅಂಟಿಸುವ ಚೀಟಿಯಾಗಬಾರದು.