12 ವರ್ಷ ಬಾಡಿಗೆಗಿದ್ದರೆ ಮನೆ ಬಾಡಿಗೆದಾರರದ್ದಾಗುತ್ತದೆಯೇ?

"ಒಬ್ಬರೇ ಬಾಡಿಗೆದಾರರನ್ನು 12 ವರ್ಷ ಇಟ್ಟುಕೊಂಡರೆ ಮನೆ ಕೈತಪ್ಪುತ್ತದೆ." ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುವ ಈ ಸಂದೇಶವನ್ನು ನೀವೂ ನೋಡಿರಬಹುದು. ಇದನ್ನು ನಂಬಿ, ಸರಿಯಾಗಿ ಬಾಡಿಗೆ ಕಟ್ಟುವವರನ್ನು ಹತ್ತನೇ ವರ್ಷಕ್ಕೆ ಎಬ್ಬಿಸುವ ಮಾಲೀಕರಿದ್ದಾರೆ. ಮನೆಯನ್ನು ಬೀಗ ಹಾಕಿ ಖಾಲಿ ಬಿಡುವವರೂ ಇದ್ದಾರೆ. ಹಾಗಾದರೆ ಇದರಲ್ಲಿ ಎಷ್ಟು ನಿಜ? ನೋಡೋಣ.

ಈ 12 ವರ್ಷ ಎಲ್ಲಿಂದ ಬಂತು?

1963ರ ಕಾಲಮಿತಿ ಕಾಯ್ದೆಯಿಂದ. ಬೇರೆಯವರ ಖಾಸಗಿ ಆಸ್ತಿಯನ್ನು ಅನುಮತಿಯಿಲ್ಲದೆ, ಬಹಿರಂಗವಾಗಿ, "ಇದು ನನ್ನದೇ" ಎಂಬಂತೆ ಒಬ್ಬರು ಸತತ 12 ವರ್ಷ ಅನುಭವಿಸಿದರೆ, ಅಷ್ಟೂ ಕಾಲ ಸುಮ್ಮನಿದ್ದ ಮಾಲೀಕರು ಅದನ್ನು ಮರಳಿ ಪಡೆಯುವ ಹಕ್ಕು ಕಳೆದುಕೊಳ್ಳುತ್ತಾರೆ. ಇದಕ್ಕೆ ಪ್ರತಿಕೂಲ ಸ್ವಾಧೀನ ಎನ್ನುತ್ತಾರೆ. ಇಂಥ ಹಕ್ಕು ಪಡೆದವರು ತಾವೇ ದಾವೆ ಹೂಡಬಹುದು ಎಂದು ಸುಪ್ರೀಂ ಕೋರ್ಟ್ 2019ರ ಆಗಸ್ಟ್‌ನಲ್ಲಿ ಹೇಳಿತು. ಆದರೆ ಅದು ಬಾಡಿಗೆದಾರರಿಗೆ ಮಾಲೀಕತ್ವ ಕೊಡುವ ತೀರ್ಪಲ್ಲ.

ಬಾಡಿಗೆದಾರರಿಗೆ ಇದು ಯಾಕೆ ಅನ್ವಯಿಸುವುದಿಲ್ಲ?

ಅವರು ಮನೆಯಲ್ಲಿರುವುದು ಮಾಲೀಕರ ಒಪ್ಪಿಗೆಯಿಂದ. ಪ್ರತಿ ತಿಂಗಳು ಬಾಡಿಗೆ ಕೊಡುವುದೆಂದರೆ "ಮನೆ ನಿಮ್ಮದು" ಎಂದು ಒಪ್ಪಿಕೊಂಡಂತೆ. ಒಪ್ಪಿಗೆಯ ವಾಸ 12 ವರ್ಷವಾದರೂ 30 ವರ್ಷವಾದರೂ ಪ್ರತಿಕೂಲ ಸ್ವಾಧೀನವಾಗುವುದಿಲ್ಲ. ಬಾಡಿಗೆಗಿರುವಾಗ ಮಾಲೀಕರ ಹಕ್ಕನ್ನೇ ಅಲ್ಲಗಳೆಯುವಂತಿಲ್ಲ ಎಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಮುಂದುವರಿದಿದೆ.

ಹಾಗಾದರೆ ಭಯವೇ ಬೇಡವೇ?

ಎರಡು ಕಡೆ ಎಚ್ಚರ ಬೇಕು. ಒಂದು, ನೋಟಿಸ್ ಕೊಟ್ಟು ಬಾಡಿಗೆ ಸಂಬಂಧ ಮುಗಿಸಿದ ಮೇಲೂ ಅವರು ಖಾಲಿ ಮಾಡದಿದ್ದರೆ, ಮನೆ ಮರಳಿ ಪಡೆಯುವ ದಾವೆಗೆ ಅಂದಿನಿಂದ 12 ವರ್ಷದ ಗಡುವಿದೆ. ಎರಡು, ಬಾಕಿ ಬಾಡಿಗೆಗೆ ಗಡುವು ಬರೀ 3 ವರ್ಷ. ನಿಜ ಹೇಳಬೇಕೆಂದರೆ, ಕರಾರಿನೊಂದಿಗೆ ಬಾಡಿಗೆಗೆ ಕೊಟ್ಟ ಮನೆಗಿಂತ ವರ್ಷಗಟ್ಟಲೆ ಯಾರೂ ತಿರುಗಿ ನೋಡದ ಖಾಲಿ ಸೈಟಿಗೇ ಅಪಾಯ ಹೆಚ್ಚು. ವಿದೇಶದಲ್ಲಿದ್ದು ಊರಲ್ಲಿ ಸೈಟು ಇಟ್ಟುಕೊಂಡವರು ಇದನ್ನು ಗಮನಿಸಬೇಕು.

11 ತಿಂಗಳ ಕರಾರು ಇದಕ್ಕಾಗಿಯೇ?

ಅಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ಪತ್ರವನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು 11 ತಿಂಗಳ ರೂಢಿ ಬಂದಿದೆ. ಅವಧಿ ಮುಗಿದ ಮೇಲೂ ನೀವು ಬಾಡಿಗೆ ತೆಗೆದುಕೊಂಡರೆ ವಾಸದ ಮನೆ ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ. ಅಂಥ ಬಾಡಿಗೆ ಕೊನೆಗೊಳಿಸಲು, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, 15 ದಿನಗಳ ನೋಟಿಸ್ ಬೇಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ವ್ಯಾಪ್ತಿಗೆ ಬರುವ ಕಡಿಮೆ ಬಾಡಿಗೆಯ ಕಟ್ಟಡಗಳಿಗೆ ತೆರವಿನ ನಿಯಮ ಬೇರೆ.

ಮಾಲೀಕರು ಏನು ಮಾಡಬೇಕು?

- ಪರಿಚಯದವರೇ ಆದರೂ ಕರಾರು ಬರೆಸಿ. ಬಾಡಿಗೆ, ಮುಂಗಡ, ನೋಟಿಸ್ ಅವಧಿ ಸ್ಪಷ್ಟವಾಗಿರಲಿ.
- ಬಾಡಿಗೆಯನ್ನು ಬ್ಯಾಂಕ್ ಮೂಲಕ ಪಡೆಯಿರಿ. ನಗದಾದರೆ ರಸೀದಿ ಕೊಟ್ಟು ಪ್ರತಿ ಇಟ್ಟುಕೊಳ್ಳಿ.
- ಆಸ್ತಿ ತೆರಿಗೆ ರಸೀದಿ, ಖಾತಾ ನಿಮ್ಮ ಹೆಸರಲ್ಲೇ ಇರಲಿ.
- ಖಾಲಿ ಸೈಟಿಗೆ ಬೇಲಿ ಹಾಕಿಸಿ, ಆಗಾಗ ಹೋಗಿ ನೋಡಿ.
- ಖಾಲಿ ಮಾಡದಿದ್ದರೆ ಬೀಗ ಬದಲಿಸಬೇಡಿ, ನೀರು-ಕರೆಂಟ್ ಕಡಿಯಬೇಡಿ. ಕಾನೂನು ಬಿಟ್ಟು ಹೊರಹಾಕಿದರೆ, ಬಾಡಿಗೆದಾರರು 6 ತಿಂಗಳೊಳಗೆ ದಾವೆ ಹೂಡಿ ಮನೆಯನ್ನು ಮರಳಿ ಪಡೆಯಬಹುದು.

ನಮ್ಮ ತೀರ್ಮಾನ

12 ವರ್ಷ ಬಾಡಿಗೆಗಿದ್ದ ಮಾತ್ರಕ್ಕೆ ಯಾರೂ ಮಾಲೀಕರಾಗುವುದಿಲ್ಲ. ಈ ಸಂದೇಶ ತಪ್ಪು. ಒಳ್ಳೆಯ ಬಾಡಿಗೆದಾರರು ಸಿಕ್ಕಿದ್ದರೆ ಕ್ಯಾಲೆಂಡರ್ ನೋಡಿ ಅವರನ್ನು ಕಳಿಸಬೇಡಿ. ಕಾಗದಪತ್ರ ಸರಿಯಾಗಿವೆಯೇ ಎಂದು ನೋಡಿಕೊಳ್ಳಿ. ಈಗಾಗಲೇ ವ್ಯಾಜ್ಯ ಶುರುವಾಗಿದ್ದರೆ ವಕೀಲರನ್ನು ಕಾಣಲು ತಡಮಾಡಬೇಡಿ.