ಕ್ಲೂನಿ: ಒಂದು ಮಹಾದೇವಾಲಯದ ಏಳುಬೀಳು

ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿರುವ ಈ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನಮ್ಮನ್ನು ಕೇಳಿದರು. ಈ ದೇವಾಲಯದ ಚರಿತ್ರೆಯನ್ನು ಬರೆಯಲು ನಮಗಿಂತ ಹೆಚ್ಚು ಬಲ್ಲ ಹಿರಿಯರು ಧರ್ಮಕೇಂದ್ರದಲ್ಲಿ ಇದ್ದಾರೆ. ಆದಕಾರಣ ನಾವು ದೂರದ ಒಂದು ಊರಿನ ಕಥೆಯನ್ನು ಆರಿಸಿಕೊಂಡಿದ್ದೇವೆ. ಅದು ಫ್ರಾನ್ಸ್ ದೇಶದ ಕ್ಲೂನಿ. ನೂರು ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು, ಏಳುನೂರು ವರ್ಷ ಬಾಳಿ ಅಳಿದುಹೋದ ಮತ್ತೊಂದು ದೇವಾಲಯವನ್ನು ನೆನೆಯುವುದು ಅಮಂಗಳವೆಂದು ಯಾರೂ ಭಾವಿಸಬಾರದು. ಆ ಊರಿಗೂ ನಮಗೂ ಹಳೆಯ ನಂಟೊಂದಿದೆ. ಅದು ಯಾವುದೆಂಬುದನ್ನು ಮುಂದೆ ತಿಳಿಸುತ್ತೇವೆ.

ಫ್ರಾನ್ಸಿನ ಪೂರ್ವಭಾಗದಲ್ಲಿ, ದ್ರಾಕ್ಷಾರಸಕ್ಕೆ ಹೆಸರಾದ ಬರ್ಗಂಡಿ ಪ್ರಾಂತದ ದಕ್ಷಿಣದಲ್ಲಿ, ಮಾಕೋನ್ ನಗರದ ವಾಯವ್ಯಕ್ಕೆ, ಗ್ರೋನ್ ಎಂಬ ಚಿಕ್ಕ ನದಿಯ ಕಣಿವೆಯಲ್ಲಿ ಈ ಪಟ್ಟಣವಿದೆ. ಜನಸಂಖ್ಯೆ ಸುಮಾರು ಐದು ಸಾವಿರ. ನಮ್ಮ ಕಡೆಯ ಒಂದು ದೊಡ್ಡ ಹೋಬಳಿ ಊರಿನಷ್ಟೇ ಎನ್ನಬಹುದು. ಹನ್ನೆರಡು, ಹದಿಮೂರನೆಯ ಶತಮಾನಗಳ ಕಲ್ಲಿನ ಮನೆಗಳು ಇಂದಿಗೂ ಅದರ ಬೀದಿಗಳಲ್ಲಿ ನಿಂತಿವೆ. ನೆಲ ಅಂತಸ್ತಿನಲ್ಲಿ ಅಂಗಡಿಯ ಕಮಾನು, ಅದರ ಮೇಲೆ ಸಾಲು ಕಂಬಗಳ ಕಿರುಗಿಟಕಿ; ಸಾಧಾರಣ ವರ್ತಕರು ಬಾಳಿದ ಮನೆಗಳು ಇಷ್ಟು ಹಳೆಯವು ಇಷ್ಟೊಂದು ಸಂಖ್ಯೆಯಲ್ಲಿ ಉಳಿದಿರುವ ಊರುಗಳು ಯೂರೋಪಿನಲ್ಲಿ ವಿರಳ. ಆದರೆ ಈ ಊರು ಹುಟ್ಟಿದ್ದು ವರ್ತಕರಿಂದಲ್ಲ, ಸಂನ್ಯಾಸಿಗಳಿಂದ.

ಅಕ್ವಿಟೇನಿನ ಅಧಿಪತಿಯಾಗಿದ್ದ ವಿಲಿಯಂ ಎಂಬವನು, ಕ್ರಿ. ಶ. 910ರಲ್ಲಿ (909 ಎಂದು ಹೇಳುವ ವಿದ್ವಾಂಸರೂ ಉಂಟು) ತನ್ನ ಆತ್ಮದ ಒಳಿತಿಗಾಗಿ ಮಠವೊಂದನ್ನು ಸ್ಥಾಪಿಸಲು ಮನಸ್ಸು ಮಾಡಿ, ಬೆರ್ನೊ ಎಂಬ ಪೂಜ್ಯ ಸಂನ್ಯಾಸಿಯನ್ನು ಸ್ಥಳ ಆರಿಸುವಂತೆ ಕೇಳಿಕೊಂಡನು. ಬೆರ್ನೊ ಆರಿಸಿದ್ದು ಕ್ಲೂನಿಯನ್ನು. ಅದು ಪ್ರಭುವಿಗೆ ಪ್ರಿಯವಾದ ಬೇಟೆಯ ತಾಣವಾಗಿತ್ತು. ಅಲ್ಲಿ ಬೇಟೆನಾಯಿಗಳಿವೆಯಲ್ಲಾ ಎಂದು ಅವನು ಅನುಮಾನಿಸಿದನಂತೆ. ನಾಯಿಗಳನ್ನು ಹೊರಗಟ್ಟಿ ಸಂನ್ಯಾಸಿಗಳನ್ನು ಒಳಗೆ ಕರೆದುಕೊಳ್ಳಿ, ಕಡೆಯ ದಿನ ದೇವರ ಮುಂದೆ ನಿಮಗೆ ನೆರವಾಗುವವರು ಈ ಇಬ್ಬರಲ್ಲಿ ಯಾರೆಂಬುದನ್ನು ನೀವೇ ಬಲ್ಲಿರಿ ಎಂದು ಬೆರ್ನೊ ಉತ್ತರಿಸಿದರೆಂದು ಐತಿಹ್ಯ. ಕಥೆ ನಿಜವೋ ಅಲ್ಲವೋ, ದಾನಪತ್ರವಂತೂ ನಿಜ. ಆ ಕಾಲದ ದೊರೆಗಳೂ ಜಮೀನ್ದಾರರೂ ತಾವು ಕಟ್ಟಿಸಿದ ಮಠಗಳನ್ನು ತಮ್ಮ ಸ್ವಂತ ಆಸ್ತಿಯಂತೆ ಆಳುತ್ತಿದ್ದರು. ಮಠಾಧಿಪತಿಯ ಪೀಠದಲ್ಲಿ ತಮ್ಮ ಬಂಧುಗಳನ್ನು ಕೂರಿಸುತ್ತಿದ್ದರು. ವಿಲಿಯಂ ಹಾಗೆ ಮಾಡಲಿಲ್ಲ. ಮಠವನ್ನೂ ಅದರ ಭೂಮಿಯನ್ನೂ ಸಂತ ಪೇತ್ರ ಮತ್ತು ಸಂತ ಪೌಲರಿಗೆ ಒಪ್ಪಿಸಿದನು. ತಾನಾಗಲಿ, ತನ್ನ ಬಂಧುಗಳಾಗಲಿ, ರಾಜನಾಗಲಿ, ಧರ್ಮಾಧ್ಯಕ್ಷನಾಗಲಿ, ಕಡೆಗೆ ರೋಮಿನ ಜಗದ್ಗುರುವೇ ಆಗಲಿ ಆ ಆಸ್ತಿಯನ್ನು ಮುಟ್ಟಕೂಡದು, ಸಂನ್ಯಾಸಿಗಳು ತಮ್ಮ ಮಠಾಧಿಪತಿಯನ್ನು ಸಂತ ಬೆನೆಡಿಕ್ಟರ ನಿಯಮದಂತೆ ತಾವೇ ಆರಿಸಿಕೊಳ್ಳತಕ್ಕದ್ದು ಎಂದು ಬರೆಯಿಸಿ, ತಪ್ಪಿದವರಿಗೆ ಘೋರ ಶಾಪಗಳನ್ನೂ ಹಾಕಿಸಿದನು. ಕ್ಲೂನಿಯ ಹಿರಿಮೆಗೆಲ್ಲ ಈ ಕಾಗದವೇ ಅಡಿಪಾಯ.

ಒಳ್ಳೆಯ ನಾಯಕರು ದೊರೆತದ್ದೂ ಆ ಮಠದ ಭಾಗ್ಯ. 954ರಿಂದ 1109ರವರೆಗಿನ ನೂರೈವತ್ತೈದು ವರ್ಷಗಳಲ್ಲಿ ಮೂವರೇ ಮಠಾಧಿಪತಿಗಳು: ಮಯೋಲರು, ಒಡಿಲೊ ಮತ್ತು ಹ್ಯೂ. ಮೂವರೂ ಸಂತರೆಂದು ಗೌರವಿಸಲ್ಪಟ್ಟವರು. ಇವರ ಕಾಲದಲ್ಲಿ ಕ್ಲೂನಿಯ ನಿಯಮವನ್ನು ಒಪ್ಪಿಕೊಂಡ ಮಠಗಳು ಇಟಲಿ, ಸ್ಪೇನ್, ಇಂಗ್ಲೆಂಡುಗಳಿಗೂ ಹರಡಿದವು.

ಮೇಲೆ ಹೇಳಿದ ನಂಟು ಒಡಿಲೊ ಅವರಿಂದ ಬಂದದ್ದು. ಸಕಲ ಸಂತರ ಹಬ್ಬದ ಮರುದಿನ, ಅಂದರೆ ನವೆಂಬರ್ 2ರಂದು, ಮೃತರಾದ ಸಮಸ್ತ ವಿಶ್ವಾಸಿಗಳಿಗಾಗಿ ಎಲ್ಲ ಕ್ಲೂನಿ ಮಠಗಳಲ್ಲಿ ಘಂಟೆ ಬಾರಿಸಿ, ಪ್ರಾರ್ಥನೆ ಹಾಡಿ, ಬಲಿಪೂಜೆ ಅರ್ಪಿಸಿ, ಬಡವರಿಗೆ ಅನ್ನವಿಕ್ಕಬೇಕೆಂದು ಅವರು ಕಟ್ಟಳೆ ಮಾಡಿದರು. 998ರಲ್ಲಿ ಎಂದು ಸಂಪ್ರದಾಯ ಹೇಳುತ್ತದೆ. ಇನ್ನೂ ಕೆಲವು ದಶಕಗಳ ಅನಂತರ ಎನ್ನುವವರೂ ಉಂಟು. ಮಠದಿಂದ ಮಠಕ್ಕೆ, ಊರಿನಿಂದ ಊರಿಗೆ ಹರಡಿ ಆ ಆಚರಣೆ ಇಡೀ ಧರ್ಮಸಭೆಯ ಆಚರಣೆಯಾಯಿತು. ನಾವು ಪ್ರತಿವರ್ಷ ಅದೇ ದಿನ ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ, ಗುರುಗಳು ತೀರ್ಥ ತಳಿಯುತ್ತ ಬರುವುದನ್ನು ಕಾದು ನಿಲ್ಲುತ್ತೇವಲ್ಲವೆ? ಆ ಪದ್ಧತಿಯ ಬೇರು ಗ್ರೋನ್ ನದಿಯ ದಡದಲ್ಲಿದೆ.

ಒಡಿಲೊ ಅವರ ವಿಷಯದಲ್ಲಿ ಇನ್ನೊಂದು ಮಾತು. ಸುಮಾರು 1033ರಲ್ಲಿ ಬರ್ಗಂಡಿಯನ್ನು ಭೀಕರ ಕ್ಷಾಮ ಆವರಿಸಿದಾಗ ಅವರು ದೇವಾಲಯದ ಪವಿತ್ರ ಪಾತ್ರೆಗಳನ್ನು ಮಾರಿ ಜನರ ಹಸಿವನ್ನು ನೀಗಿದರು. ಚಕ್ರವರ್ತಿ ಎರಡನೆಯ ಹೆನ್ರಿಯು ಕಾಣಿಕೆಯಾಗಿ ಕೊಟ್ಟಿದ್ದ ಚಿನ್ನದ ಗೋಳವೂ ಹೀಗೆಯೇ ಹೋಯಿತೆಂದು ಅವರ ಚರಿತ್ರೆಯನ್ನು ಬರೆದ ಶಿಷ್ಯನು ಹೇಳುತ್ತಾನೆ. ದೇವಾಲಯದ ಒಡವೆಯನ್ನು ಮಾರಿದವರು ಮುಂದೆ ಕ್ಲೂನಿಗೆ ಬೇರೆಯವರೂ ಬಂದರು. ಎರಡು ಮಾರಾಟಗಳಿಗೂ ಇರುವ ಅಂತರವನ್ನು ವಾಚಕರು ಗಮನದಲ್ಲಿಡಬೇಕು.

ಈಗ ಮಹಾದೇವಾಲಯದ ವಿಚಾರ. ಗುನ್ಸೊ ಎಂಬ ವೃದ್ಧ ಸಂನ್ಯಾಸಿ ಕಾಯಿಲೆಯಿಂದ ಮಲಗಿದ್ದಾಗ ಕನಸಿನಲ್ಲಿ ಸಂತ ಪೇತ್ರರು ಕಾಣಿಸಿಕೊಂಡು, ಹಗ್ಗ ಹಿಡಿದು ನೆಲದ ಮೇಲೆ ಹೊಸ ದೇವಾಲಯದ ಅಳತೆ ಹಾಕಿ ತೋರಿಸಿದರಂತೆ. ಏನೇ ಇರಲಿ, 1088ರಲ್ಲಿ ಹ್ಯೂ ಅವರು ಕೆಲಸ ಆರಂಭಿಸಿದರು. ಹಣದ ಬಹುಭಾಗ ಬಂದದ್ದು ಸ್ಪೇನಿನ ದೊರೆ ಆರನೆಯ ಅಲ್ಫೋನ್ಸೊನಿಂದ. 1095ರಲ್ಲಿ, ಹಿಂದೆ ಇದೇ ಮಠದಲ್ಲಿ ಸಂನ್ಯಾಸಿಯಾಗಿದ್ದ ಜಗದ್ಗುರು ಎರಡನೆಯ ಅರ್ಬನರು ಬಂದು ಪ್ರಧಾನ ಬಲಿಪೀಠವನ್ನು ಪವಿತ್ರೀಕರಿಸಿದರು. ದೇವಾಲಯದ ಪ್ರತಿಷ್ಠೆ 1130ರಲ್ಲಿ ಜಗದ್ಗುರು ಎರಡನೆಯ ಇನ್ನೊಸೆಂಟರಿಂದ ನೆರವೇರಿತು. ಮುಖಮಂಟಪವೂ ಸೇರಿ ಅದರ ಉದ್ದ ಸುಮಾರು 187 ಮೀಟರು, ಎಂದರೆ ಆರುನೂರು ಅಡಿಗೂ ಮೇಲೆ. ನಡುವಣ ಪ್ರಾಂಗಣದ ಎರಡು ಪಕ್ಕಗಳಲ್ಲಿ ಎರಡೆರಡು ಪಡಸಾಲೆಗಳು. ಶಿಲುಬೆಗೆ ಒಂದೇ ಜೊತೆ ತೋಳುಗಳಿದ್ದರೆ ಈ ದೇವಾಲಯಕ್ಕೆ ಎರಡು ಜೊತೆ. ಒಳಗಿನ ಕಮಾನು ಮಾಳಿಗೆಯ ಎತ್ತರ ಮೂವತ್ತು ಮೀಟರು. ರೋಮಿನಲ್ಲಿ ಈಗಿರುವ ಸಂತ ಪೇತ್ರರ ಮಹಾದೇವಾಲಯವು 1506ರಲ್ಲಿ ಆರಂಭವಾಗಿ ಮುಗಿಯುವ ತನಕ ಕ್ರೈಸ್ತ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ದೇವಾಲಯ ಬೇರೊಂದಿರಲಿಲ್ಲ.

ಎಲ್ಲರೂ ಮೆಚ್ಚಿದರೆಂದಲ್ಲ. ಅತಿಯಾದ ಉದ್ದ, ಅತಿಯಾದ ಎತ್ತರ, ಚಿನ್ನದ ಹೊಳಪು ಇವುಗಳ ನಡುವೆ ಬಡವನು ಹಸಿದಿರುತ್ತಾನೆಂದು ಕ್ಲೆರ್ವೋದ ಸಂತ ಬರ್ನಾರ್ಡರು ಕ್ಲೂನಿಯವರ ವೈಭವವನ್ನು ಕಟುವಾಗಿ ಟೀಕಿಸಿದರು. ಗುರುಮಠದಲ್ಲಿ ಓದುವಾಗ ನಮಗೆ ಬರ್ನಾರ್ಡರ ಪಕ್ಷವೇ ಸರಿಯೆನಿಸಿತ್ತು. ವಯಸ್ಸಾದಂತೆ ಕ್ಲೂನಿಯವರ ಮೇಲೂ ಕನಿಕರ ಮೂಡಿದೆ. ಅದಕ್ಕೆ ಕಾರಣ 1122ರಿಂದ 1156ರವರೆಗೆ ಮಠಾಧಿಪತಿಯಾಗಿದ್ದ ಪೂಜ್ಯ ಪೇತ್ರರು. ಅವರು ಪೀಠಕ್ಕೆ ಬಂದಾಗ ಮಠ ಸಾಲದಲ್ಲಿತ್ತು. ಸುಮಾರು ಮುನ್ನೂರು ಸಂನ್ಯಾಸಿಗಳ ಊಟ ಒಂದು ಕಡೆ. ಸತ್ತ ಸಂನ್ಯಾಸಿಗಳ ಹೆಸರಿನಲ್ಲಿ ಬಡವರಿಗೆ ಕೊಡುತ್ತಿದ್ದ ಅನ್ನ ಮತ್ತೊಂದು ಕಡೆ. ಸ್ಮರಣೆಯ ಪಟ್ಟಿ ವರ್ಷವರ್ಷಕ್ಕೂ ಬೆಳೆದು, ಸತ್ತವರು ಬದುಕಿದವರನ್ನು ಉಪವಾಸ ಕೆಡವುವ ಸ್ಥಿತಿ ಬಂದಿತ್ತು. ದಿನಕ್ಕೆ ಐವತ್ತಕ್ಕಿಂತ ಹೆಚ್ಚು ಊಟ ಹೀಗೆ ಕೊಡಕೂಡದೆಂದು ಪೇತ್ರರು ಮಿತಿ ಹಾಕಬೇಕಾಯಿತು. ದುಂದಿನಿಂದ ದಿವಾಳಿಯಾದವರನ್ನು ಕಂಡಿದ್ದೇವೆ. ಮೃತರ ಮೇಲಿನ ಪ್ರೀತಿಯಿಂದಲೂ ದಾನದಿಂದಲೂ ಬಡವಾದ ಮಠ ಇದೊಂದೇ ಇರಬಹುದು.

ಇದೇ ಪೇತ್ರರು, ಖಂಡನೆಗೆ ಗುರಿಯಾಗಿ ಎಲ್ಲಿಯೂ ನೆಲೆಯಿಲ್ಲದಂತಾಗಿದ್ದ ಪಂಡಿತ ಅಬೆಲಾರ್ಡನಿಗೆ ಆಶ್ರಯವಿತ್ತರು. 1142ರಲ್ಲಿ ಅವನು ತೀರಿಕೊಂಡಾಗ ಅವನ ದೇಹವನ್ನು ಎಲೋಯಿಸಳ ಮಠಕ್ಕೆ ಕಳುಹಿಸಿಕೊಟ್ಟರು. ಮುಸ್ಲಿಮರನ್ನು ಕತ್ತಿಯಿಂದಲ್ಲ, ಮಾತಿನಿಂದ ಎದುರಿಸಬೇಕೆಂದು ಕುರಾನನ್ನು ಲತೀನ್ ಭಾಷೆಗೆ ಪೂರ್ಣವಾಗಿ ಅನುವಾದ ಮಾಡಿಸಿದವರಲ್ಲಿ ಇವರೇ ಮೊದಲಿಗರು. ಆ ಕೆಲಸ ಮುಗಿದದ್ದು 1143ರಲ್ಲಿ. ಖಂಡಿಸುವ ಉದ್ದೇಶವೇ ಇದ್ದರೂ, ಓದಿ ತಿಳಿದು ಖಂಡಿಸಬೇಕೆಂಬ ನ್ಯಾಯಬುದ್ಧಿ ಧರ್ಮಯುದ್ಧಗಳ ಆ ಕಾಲದಲ್ಲಿ ಸಣ್ಣದಲ್ಲ.

ಮುಂದಿನದು ಇಳಿಗಾಲ. ಅದನ್ನು ಬೇಗನೆ ಮುಗಿಸುತ್ತೇವೆ. ವಿಲಿಯಮನ ದಾನಪತ್ರ ನಿಷೇಧಿಸಿದ್ದೇ ಕೊನೆಗೆ ನಡೆಯಿತು. ಮಠಾಧಿಪತಿಯ ನೇಮಕ ದೊರೆಗಳ ಕೈ ಸೇರಿತು. ರಾಜ್ಯಭಾರ ಮಾಡುತ್ತಿದ್ದ ಕಾರ್ಡಿನಲ್ ರಿಶಲ್ಯೂ, ಕಾರ್ಡಿನಲ್ ಮಜಾರಿನ್ ಇಬ್ಬರೂ ಕ್ಲೂನಿಯ ಮಠಾಧಿಪತಿಗಳೆನಿಸಿಕೊಂಡು ಅದರ ಆದಾಯವನ್ನು ಅನುಭವಿಸಿದರು. 1562ರ ಮತೀಯ ಕಲಹದಲ್ಲಿ ಮಠ ಲೂಟಿಯಾಯಿತು. ಫ್ರೆಂಚ್ ಕ್ರಾಂತಿಯ ಸರಕಾರ 1790ರಲ್ಲಿ ಸಂನ್ಯಾಸಿ ಮಠಗಳನ್ನು ರದ್ದುಪಡಿಸಿತು. ಸಂನ್ಯಾಸಿಗಳು ಹೊರಟುಹೋದರು.

ಕ್ಲೂನಿಯ ದೇವಾಲಯ ಬೆಂಕಿಯಿಂದ ನಾಶವಾಗಲಿಲ್ಲ, ಶತ್ರುಸೈನ್ಯದಿಂದಲೂ ನಾಶವಾಗಲಿಲ್ಲ. 1798ರಲ್ಲಿ ಸರಕಾರ ಅದನ್ನು ರಾಷ್ಟ್ರೀಯ ಆಸ್ತಿಯೆಂದು ಮಾಕೋನಿನ ವರ್ತಕರಿಗೆ ಮಾರಿತು. ಅವರಿಗೆ ಬೇಕಾಗಿದ್ದುದು ದೇವಾಲಯವಲ್ಲ, ಕಲ್ಲು. ನಡುಪ್ರಾಂಗಣವನ್ನು ಅಡ್ಡಲಾಗಿ ಸೀಳಿ ಬೀದಿ ಮಾಡಲಾಯಿತು. 1810ರಲ್ಲಿ ಶಿಲ್ಪಗಳಿಂದ ತುಂಬಿದ ಮಹಾದ್ವಾರವನ್ನು ಮದ್ದಿಟ್ಟು ಸಿಡಿಸಿದರು. ನೆಪೋಲಿಯನ್ನನ ಆಳ್ವಿಕೆಯಲ್ಲಿ ಅಲ್ಲಿ ಸರಕಾರಿ ಅಶ್ವಶಾಲೆ ಸ್ಥಾಪನೆಯಾಯಿತು. ಕುದುರೆ ಲಾಯಗಳಿಗೆ ಮಠದ ಕಲ್ಲುಗಳೇ ಒದಗಿದವು. ಬೇಟೆನಾಯಿಗಳನ್ನು ಹೊರಗಟ್ಟಿ ಕಟ್ಟಿದ ಸ್ಥಳಕ್ಕೆ ಒಂಬೈನೂರು ವರ್ಷಗಳ ಮೇಲೆ ಕುದುರೆಗಳು ಬಂದವು. 1823ರ ಹೊತ್ತಿಗೆ ಕೆಡವುವ ಕೆಲಸ ನಿಂತಾಗ ಉಳಿದದ್ದು ಹತ್ತನೆಯ ಒಂದು ಪಾಲಿಗೂ ಕಡಿಮೆ. ಇಪ್ಪತ್ತೈದು ವರ್ಷ, ದಿನವೂ ಗಾಡಿಗಳು ಕಲ್ಲು ಹೇರಿಕೊಂಡು ಅದೇ ಬೀದಿಗಳಲ್ಲಿ ಹೋಗಿರಬೇಕು; ಜನ ದಿನವೂ ನೋಡಿರಬೇಕು. ಒಂದೇ ದಿನ ಕುಸಿದಿದ್ದರೆ ಊರೇ ಗೋಳಾಡುತ್ತಿತ್ತು. ದಿನಕ್ಕೊಂದು ಗಾಡಿಯಾಗಿ ಹೋದದ್ದರಿಂದ ಅಭ್ಯಾಸವಾಗಿಹೋಯಿತು.

ಕ್ಲೂನಿಯವರನ್ನು ದೂಷಿಸುವ ಹಕ್ಕು ನಮಗಿಲ್ಲ. ಗುರುದೀಕ್ಷೆಯಾದ ಹೊಸತರಲ್ಲಿ ನಾವಿದ್ದ ಒಂದು ಹಳ್ಳಿಯ ದೇವಾಲಯದಲ್ಲಿ ತೇಗದ ಮರದ ಹಳೆಯ ಬಲಿಪೀಠವೊಂದಿತ್ತು. ಊರಿನ ಬಡಗಿಗಳೇ ಕೆತ್ತಿದ ದ್ರಾಕ್ಷಿ ಬಳ್ಳಿ, ಗೋಧಿಯ ತೆನೆ. ತೆನೆಯನ್ನು ಕಂಡರಿಯದ ಬಡಗಿ ಅದನ್ನು ರಾಗಿಯ ತೆನೆಯಂತೆಯೇ ಕೆತ್ತಿದ್ದನು. ಗೆದ್ದಲು ಹತ್ತಿದೆಯೆಂದು ಅದನ್ನು ತೆಗೆದು ಗಾರೆಯ ಪೀಠ ಕಟ್ಟಿಸಲು ಒಪ್ಪಿಗೆ ಕೊಟ್ಟವರು ನಾವೇ. ಗೆದ್ದಲು ಹತ್ತಿದ್ದುದು ಹಿಂಬದಿಯ ಒಂದು ಹಲಗೆಗೆ ಮಾತ್ರವೆಂದು ಬಿಚ್ಚಿದ ಮೇಲೆ ತಿಳಿಯಿತು. ಅಷ್ಟು ಹೊತ್ತಿಗೆ ಉಳಿದವು ಸೌದೆಯ ರಾಶಿಯಲ್ಲಿದ್ದವು. ಒಬ್ಬ ಮುದುಕಿ ಮಾತ್ರ ಒಂದು ರಾಗಿ ತೆನೆಯ ತುಂಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋದರು. ನಾವು ಆಗ ನಕ್ಕೆವು. ಶತಮಾನೋತ್ಸವದ ಸ್ಮಾರಕವಾಗಿ ನಮ್ಮ ದೇವಾಲಯದ ಹಳೆಯ ಮುಂಭಾಗವನ್ನು ಕೆಡವಿ ವಿಶಾಲವಾಗಿ ಕಟ್ಟಿಸಬೇಕೆಂಬ ಸಲಹೆ ಈಚೆಗೆ ಬಂದಾಗ ನಾವು ಉತ್ತರ ಹೇಳಲು ಏಕೆ ತಡಮಾಡಿದೆವೆಂದು ಕೆಲವರು ಕೇಳಿದ್ದುಂಟು. ಆ ಮುದುಕಿಯೇ ಕಾರಣ.

ಕ್ಲೂನಿಯಲ್ಲಿ ಈಗ ಕಾಣಸಿಗುವುದು ದೇವಾಲಯದ ದಕ್ಷಿಣದ ತೋಳು, ಅದರ ಮೇಲೆ ಪವಿತ್ರ ಜಲದ ಗೋಪುರವೆಂದು ಕರೆಯುವ, 62 ಮೀಟರು ಎತ್ತರದ ಎಂಟು ಮೂಲೆಯ ಘಂಟಾಗೋಪುರ. ಹದಿಮೂರನೆಯ ಶತಮಾನದ ಹಿಟ್ಟಿನ ಉಗ್ರಾಣವೊಂದು ಉಳಿದಿದೆ; ತಲೆಕೆಳಗಾದ ದೋಣಿಯಂತಿರುವ ಓಕ್ ಮರದ ಅದರ ಸೂರಿನಡಿಯಲ್ಲಿ ಬಲಿಪೀಠದ ಸುತ್ತಲಿನ ಕಂಬಗಳ ತಲೆಗಲ್ಲುಗಳನ್ನು ಇರಿಸಿದ್ದಾರೆ. ಅವುಗಳಲ್ಲಿ ಎರಡರ ಮೇಲೆ ಧರ್ಮಸಭೆಯ ಪ್ರಾಚೀನ ಗಾಯನದ ಎಂಟು ಸ್ವರಕ್ರಮಗಳನ್ನು ಮನುಷ್ಯರೂಪದಲ್ಲಿ ಕೆತ್ತಿದೆ. ಹಾಡಿದವರೂ ಇಲ್ಲ, ಹಾಡಿದ ಸ್ಥಳವೂ ಇಲ್ಲ, ಹಾಡು ಕಲ್ಲಿನಲ್ಲಿ ನಿಂತಿದೆ. ಕೆನೆತ್ ಕೊನಂಟ್ ಎಂಬ ಅಮೆರಿಕದ ವಿದ್ವಾಂಸರು 1928ರಿಂದ 1950ರವರೆಗೆ ಅಲ್ಲಿ ಉತ್ಖನನ ನಡೆಸಿ ದೇವಾಲಯದ ಪೂರ್ಣರೂಪವನ್ನು ಕಾಗದದ ಮೇಲೆ ಮತ್ತೆ ಎಬ್ಬಿಸಿದರು. 2010ರಲ್ಲಿ ಊರಿನವರು ಮಠದ ಸಾವಿರದ ನೂರನೆಯ ವರ್ಷವನ್ನು ಆಚರಿಸಿದರು.

ಇನ್ನೊಂದು ಸಂಗತಿಯುಂಟು. ಕಲ್ಲಿನ ಗಾಡಿಗಳು ಇನ್ನೂ ಓಡಾಡುತ್ತಿದ್ದ 1812ರಲ್ಲಿ, ಬರ್ಗಂಡಿಯ ರೈತನೊಬ್ಬನು ಅದೇ ಊರಿನಲ್ಲಿ ಬರಿದಾಗಿದ್ದ ಬೇರೊಂದು ಚಿಕ್ಕ ಮಠದ ಕಟ್ಟಡವನ್ನು ಮಗಳಿಗಾಗಿ ಕೊಂಡನು. ಮಗಳ ಹೆಸರು ಆನ್ ಮಾರಿ ಜವೂಹೆ, ವಯಸ್ಸು ಮೂವತ್ತು ದಾಟಿತ್ತು. ಕ್ರಾಂತಿಯ ಭೀಕರ ದಿನಗಳಲ್ಲಿ ಬಾಲಕಿಯಾಗಿ ಗುರುಗಳನ್ನು ಬಚ್ಚಿಟ್ಟು ಕಾಪಾಡಿದ್ದವಳು. 1807ರಲ್ಲಿ ಧರ್ಮಭಗಿನಿಯರ ಸಂಘವೊಂದನ್ನು ಆರಂಭಿಸಿದ್ದವಳು. ಕ್ಲೂನಿಯಲ್ಲಿ ನೆಲೆನಿಂತ ಮೇಲೆ ಅದು ಕ್ಲೂನಿಯ ಸಂತ ಜೋಸೆಫರ ಸಂಘವೆಂದು ಹೆಸರಾಯಿತು. ಅವರ ಭಗಿನಿಯರು 1817ರಲ್ಲಿ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪಕ್ಕೂ, 1819ರಲ್ಲಿ ಆಫ್ರಿಕದ ಸೆನೆಗಾಲಿಗೂ ಹೋದರು. ಮಾತೆ ಜವೂಹೆಯವರು ತಾವೇ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿ ಮಾನ ಎಂಬ ವಸಾಹತನ್ನು ಕಟ್ಟಿ ಗುಲಾಮರ ಬಿಡುಗಡೆಗಾಗಿ ದುಡಿದರು. 1851ರಲ್ಲಿ ನಿಧನರಾದ ಅವರನ್ನು 1950ರಲ್ಲಿ ಪುಣ್ಯವತಿಯೆಂದು ಘೋಷಿಸಲಾಯಿತು. ಸಂಘದ ಭಗಿನಿಯರು 1827ರಲ್ಲಿ ಪಾಂಡಿಚೇರಿಗೆ ಬಂದಿಳಿದರು; ಮುಂದೆ ಬೆಂಗಳೂರಿಗೂ ಬಂದರು. ಮಲ್ಲೇಶ್ವರದ ಕ್ಲೂನಿ ಕಾನ್ವೆಂಟಿನ ಹೆಸರನ್ನು ನಮ್ಮ ಧರ್ಮಕೇಂದ್ರದಲ್ಲಿಯೂ ಅನೇಕರು ಕೇಳಿರುತ್ತಾರೆ. ಆ ಹೆಸರು ಬಂದದ್ದು ಗ್ರೋನ್ ನದಿಯ ದಡದ ಆ ಊರಿನಿಂದ.